ಬಸುರಿ ಕಂಬದ ಎರಡನೇ ಕೀ

ಹೆದ್ದಾರಿಯಲ್ಲಿ ಹೋಗುವವರಿಗೆ ಅದೊಂದು ತಮಾಷೆ. ಊರು ಇನ್ನೂ ಬಂದಿರುವುದಿಲ್ಲ, ಆಗಲೇ ಬಲಗಡೆಯ ಬಯಲಲ್ಲಿ ರೇಡಿಯೋ ಕೇಂದ್ರದ ಮೂರು ಕಂಬ ಕಾಣುತ್ತವೆ. ಆಚೀಚೆಯ ಎರಡು ಸಣಕಲು, ಎಲ್ಲ ಕಡೆ ಇರುವಂಥವೇ. ಈಗ ಅವು ಕೆಲಸಕ್ಕೂ ಇಲ್ಲ. ನಡುವಿನದರ ಧಾಟಿಯೇ ಬೇರೆ. ಬುಡ ಚೂಪು, ತುದಿ ಚೂಪು, ನಡು ದಪ್ಪ. ಅಷ್ಟೆತ್ತರದ ಕಬ್ಬಿಣ ನಿಂತಿರುವುದು ಒಂದು ಪಿಂಗಾಣಿ ಗುಂಡಿನ ಮೇಲೆ, ಸೊಂಟಕ್ಕೆ ಕಟ್ಟಿದ ತಂತಿಗಳ ಆಸರೆಯಲ್ಲಿ. ಜನ ಕಾರು ನಿಲ್ಲಿಸಿ ಫೋಟೋ ತೆಗೆದುಕೊಳ್ಳುತ್ತಾರೆ. ಬಸ್ಸಿನ ಕಂಡಕ್ಟರು, "ಯಾರ್ರೀ ಬಸುರಿ ಕಂಬ, ಬೇಗ ಇಳೀರಿ" ಎಂದು ಕೂಗುತ್ತಾನೆ. ಇಳಿಯುವವನು ಮೀಸೆ ಹೊತ್ತ ಗಂಡಸಾದರೆ ಬಸ್ಸಿಗೆ ಬಸ್ಸೇ ನಗುತ್ತದೆ.

ಸ್ಟಾಪಿನ ಎದುರು ಹೊಲಿಗೆ ಅಂಗಡಿ ಇಟ್ಟಿರುವ ಟೈಲರಮ್ಮನಿಗೆ ಮಾತ್ರ ನಗು ಬರುವುದಿಲ್ಲ. "ಅಮ್ಮಾ, ಅದೇನು ಅಷ್ಟು ದಪ್ಪ?" ಎಂದು ಯಾರಾದರೂ ಕೇಳಿದರೆ, "ನಿಮ್ಮ ಪ್ಯಾಂಟಿನ ಸೊಂಟಕ್ಕಿಂತ ಸಣ್ಣದೇ, ಹೋಗಿ" ಎನ್ನುತ್ತಾಳೆ. ಬಾಯಿ ಜೋರು. ಇರಲಿ ಬಿಡಿ, ಆ ಬಾಯಿ ಇಲ್ಲದಿದ್ದರೆ ಅವಳ ಗಂಡ ಇವತ್ತು ಇರುತ್ತಿರಲಿಲ್ಲ.

ಆ ಕಂಬಕ್ಕೆ ಬಣ್ಣ ಬಳಿಯುವುದು, ತುದಿಯ ಕೆಂಪು ದೀಪ ಬದಲಿಸುವುದು, ಸಡಿಲಾದ ಬೋಲ್ಟು ಬಿಗಿಯುವುದು ಗಂಡನ ಕೆಲಸ. ಎಲ್ಲಿದ್ದಾನೆ ಎಂದು ಯಾರು ಕೇಳಿದರೂ "ಮೇಲಿದಾನೆ" ಎಂಬ ಉತ್ತರವೇ ಸಿಗುತ್ತಿತ್ತಾದ್ದರಿಂದ ಅವನಿಗೆ ಮೇಲಣ್ಣ ಎಂದೇ ಹೆಸರು ಬಿತ್ತು. ಅವನಿಗೂ ಮೊದಲು ಆ ಕೆಲಸ ಟೈಲರಮ್ಮನ ಅಪ್ಪನದು.

ತುಂಬ ಜನಕ್ಕೆ ತಿಳಿಯದ ಸಂಗತಿಯೆಂದರೆ, ಕಂಬದ ಮೇಲೆ ಬೇರೆ ಆಂಟೆನಾ ಇಲ್ಲ, ಕಂಬವೇ ಆಂಟೆನಾ. ಪ್ರಸಾರ ನಡೆಯುವಾಗ ಬುಡದಿಂದ ತುದಿಯವರೆಗೂ ಕರೆಂಟು. ಪೂರ್ತಿ ಕಂಬದ ಮೇಲೇ ಇರುವವನಿಗೆ, ತಂತಿಯ ಮೇಲೆ ಕೂತ ಹಕ್ಕಿಯ ಹಾಗೆ, ತಕ್ಷಣಕ್ಕೆ ಏನೂ ಆಗದು. ಒಂದು ಕಾಲು ಕಂಬದಲ್ಲಿ, ಇನ್ನೊಂದು ನೆಲದಲ್ಲಿ ಆಯಿತೋ, ಕಥೆ ಮುಗಿಯಿತು. ಹಿಂದೆ ಅಪ್ಪ ಇಳಿಯುತ್ತಿದ್ದಾಗ ಒಳಗಿದ್ದ ಯಾರೋ ಪುಣ್ಯಾತ್ಮ, ಎಲ್ಲ ಮುಗಿದಿರಬೇಕು ಎಂದುಕೊಂಡು ಸ್ವಿಚ್ಚು ಹಾಕಿದ್ದ. ಜೀವ ಉಳಿದದ್ದೇ ಹೆಚ್ಚು. ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಯಿಂದ ಬಂದ ಅಪ್ಪ ಹಟ ಹಿಡಿದ. ಕಂಡ ಕಂಡ ಅಧಿಕಾರಿಗಳ ಮುಂದೆ ಆ ಕೈ ಚಾಚಿ ಚಾಚಿ ಕೊನೆಗೂ ಒಂದು ಕೀ ಮಾಡಿಸಿದ. ಅದನ್ನು ತಿರುಗಿಸಿ ತೆಗೆದರೆ ಪ್ರಸಾರ ನಿಲ್ಲುತ್ತದೆ. ತೆಗೆದ ಕೀ ಹತ್ತುವವನ ಜೇಬಿಗೆ. ಅವನು ಇಳಿದು ಬಂದು ಕೈಯಾರೆ ಕೊಡುವ ತನಕ ಯಾರಪ್ಪ ಬಂದರೂ ಪ್ರಸಾರ ಇಲ್ಲ. ಕೀ ಒಂದೇ ಒಂದು. ಮೇಲಣ್ಣನ ಕೈಗೆ ಬಂದ ಮೇಲೆ ಟೈಲರಮ್ಮ ಅದಕ್ಕೆ ನೀಲಿ ದಾರ ಕಟ್ಟಿದಳು, ಅವನ ಪ್ಯಾಂಟಿಗೆ ಗುಂಡಿ ಹಾಕುವ ಒಳಜೇಬು ಹೊಲಿದಳು.

ಹೀಗಾಗಿ ಆ ಮನೆಯಲ್ಲಿ ರೇಡಿಯೋ ಕೇಳುತ್ತಿದ್ದುದು ಹಾಡಿಗಲ್ಲ. ರೇಡಿಯೋ ಸುಮ್ಮನಿದ್ದರೆ ಮನೆಯ ಗಂಡಸು ಮೇಲೆ, ಮಾತಾಡಿದರೆ ಕೆಳಗೆ. ಅವಳ ಅಮ್ಮ ರೇಡಿಯೋ ಬಾಯಿ ಬಿಟ್ಟ ಮೇಲೆಯೇ ಒಲೆ ಹಚ್ಚುತ್ತಿದ್ದಳು. ಟೈಲರಮ್ಮನದೂ ಅದೇ ರೂಢಿ. ಮೆಷಿನ್ ತುಳಿಯುತ್ತಿದ್ದರೂ ಒಂದು ಕಿವಿ ಅತ್ತಲೇ.

ಕೇಂದ್ರಕ್ಕೆ ಹೊಸ ಸಾಹೇಬ ಬಂದ. ಬಂದವನೇ ಸ್ವಿಚ್ಚಿನ ಕೋಣೆಯ ಕಿಟಕಿಗೆ ಎಸಿ ಕೂರಿಸಿ ಸುತ್ತ ಹಲಗೆ ಹೊಡೆಸಿದ. ಕಂಬ ಕಾಣುತ್ತಿದ್ದುದು ಅದೊಂದೇ ಕಿಟಕಿಯಿಂದ. ಕೀ ವಿಷಯ ಕೇಳಿ ಅವನ ಮುಖ ಹುಳ್ಳಗಾಯಿತು. "ಒಬ್ಬ ಪೇಂಟರ್ ಜೇಬಲ್ಲಿ ಇಡೀ ಸ್ಟೇಷನ್ನಾ?" ಎಂದನಂತೆ. ಹೌದು ಮಹರಾಯ, ನಿನ್ನ ಸ್ಟೇಷನ್ನು ಅವನ ಜೇಬಲ್ಲಿ, ಅವನ ಜೀವ ನಿನ್ನ ಕೈಯಲ್ಲಿ. ಇದರಲ್ಲಿ ನಿನಗೇನು ನಷ್ಟ?

ಆವತ್ತು ಬೆಳಿಗ್ಗೆಯಿಂದ ರೇಡಿಯೋ ಸುಮ್ಮನಿತ್ತು. ಮೇಲಣ್ಣ ಕಂಬದ ಸೊಂಟಕ್ಕೆ ಬಣ್ಣ ಬಳಿಯುತ್ತಿದ್ದ. ಅಪ್ಪ ಅಂಗಡಿಯ ಬೆಂಚಿನ ಮೇಲೆ ತೂಕಡಿಸುತ್ತಿದ್ದ. ಟೈಲರಮ್ಮ ಶಾಲೆಯ ಚಡ್ಡಿಯೊಂದಕ್ಕೆ ತೇಪೆ ಹಾಕುತ್ತಿದ್ದಾಗ ರೇಡಿಯೋ ಗೊರಗೊರ ಎಂದು ಗಂಟಲು ಸರಿಮಾಡಿಕೊಂಡಿತು. ಕೇಂದ್ರದ ಹುಟ್ಟುಹಬ್ಬವಂತೆ, ಸಾಹೇಬರ ಜೊತೆ ಮಾತುಕತೆಯಂತೆ. ಸದ್ಯ, ಇಳಿದರು ಎಂದುಕೊಂಡು ಅವಳು ಹಿಂದಿನ ಕೋಣೆಗೆ ಹೋಗಿ ಒಲೆ ಹಚ್ಚಿ ನೀರಿಟ್ಟಳು.

ನೀರು ಕುದಿಯುವ ಮೊದಲೇ ಒಬ್ಬ ಲಾರಿ ಡ್ರೈವರ್ ಬಾಗಿಲಲ್ಲಿ ನಿಂತಿದ್ದ. "ಅಮ್ಮಾ, ಇಲ್ಲಿ ಪೊಲೀಸ್ ನಂಬರ್ ಯಾರ ಹತ್ರ ಇದೆ? ಯಾರೋ ಹುಚ್ಚ ಸಾಯೋಕೆ ಕಂಬ ಹತ್ತಿದಾನೆ. ಅಂಗಿ ಬಿಚ್ಚಿ ಬೀಸ್ತಾ ಇದಾನೆ ನೋಡಿ."

ಅವಳು ಹೊರಗೆ ಬಂದು ತಲೆ ಎತ್ತಿದಳು. ಮೇಲೆ ಗಂಡ, ಬೆನ್ನ ಹಿಂದೆ ರೇಡಿಯೋ ಮಾತಾಡುತ್ತಿದೆ. ಕೀ ಬಂದಾಗಿನಿಂದ ಅವೆರಡನ್ನೂ ಅವಳು ಒಟ್ಟಿಗೆ ಕಂಡಿರಲಿಲ್ಲ.

ಚಪ್ಪಲಿ ಬಿಟ್ಟು ಹೆದ್ದಾರಿ ದಾಟಿ ಓಡಿದಳು. ಆಚೆ ಜಾತ್ರೆಯಂಥ ಜನ, ಎಲ್ಲರ ಫೋನೂ ಮೇಲೆ. "ಪೊಲೀಸ್ನೋರು ಬರ್ತಿದಾರೆ" ಎಂದನೊಬ್ಬ. "ಕುಡಿದಿರಬೇಕು" ಎಂದ ಇನ್ನೊಬ್ಬ.

"ಯಾರ್ರೀ ಕುಡಿದಿರೋದು? ಕೆಲಸ ಮಾಡ್ತಿರೋ ಮನುಷ್ಯ ಅವರು! ಕೈಯಲ್ಲಿ ಫೋನಿದೆಯಲ್ಲ, ರೇಡಿಯೋ ಸ್ಟೇಷನ್ನಿಗೆ ಮಾಡೋಕೇನು ದಾಡಿ ನಿಮಗೆ?"

ಅಷ್ಟರಲ್ಲಿ ಇಬ್ಬರು ಗಂಡಸರು ಬೇಲಿ ಹಾರಿ ಕಂಬದ ಬುಡದತ್ತ ಹೊರಟಿದ್ದರು. ಪಾಪ, ಒಳ್ಳೆಯ ಮನಸ್ಸಿನವರೇ. ಹತ್ತಿ ಇಳಿಸುವ ಯೋಚನೆ. ಟೈಲರಮ್ಮ ಕಿರುಚಿದ್ದಕ್ಕೆ ಲಾರಿಗಳ ಹಾರ್ನು ಕೂಡ ಸೋತಿತು. "ಮುಟ್ಟಬೇಡ್ರೋ! ಕರೆಂಟಿದೆ! ಸುಟ್ಟು ಕರಕಲಾಗ್ತೀರಾ!" ಅವರು ಕಾಲು ಕಿತ್ತು ಹಿಂದೆ ಬಂದರು. ಅವಳು ಕತ್ತು ಮೇಲೆ ಮಾಡಿ ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು: "ಇಳೀಬೇಡೀ! ಅಲ್ಲೇ ಇರೀ! ನಾನ್ ಹೋಗ್ತೀನೀ!"

"ಎಂಥಾ ಹೆಂಡತಿ ನೋಡ್ರೀ, ಇಳೀಬೇಡಿ ಅಂತಾಳೆ" ಎಂದು ಹಿಂದಿನಿಂದ ಯಾರೋ ಅಂದದ್ದು ಕಿವಿಗೆ ಬಿತ್ತು. ತಿರುಗಿ ಉತ್ತರ ಕೊಡಲು ಪುರುಸೊತ್ತಿರಲಿಲ್ಲ.

ಗೇಟಿನಲ್ಲಿ ಕಾವಲಿನವನು ಅಡ್ಡ ನಿಂತ. "ಇವತ್ತು ಸಾಹೇಬ್ರು ಮಾತಾಡ್ತಿದಾರಮ್ಮ, ಯಾರನ್ನೂ ಒಳಗೆ ಬಿಡಬಾರದು ಅಂತ..."

"ನಿಮ್ಮ ಸಾಹೇಬ್ರು ಬಾಯಿ ಮುಚ್ಚಿದ್ರೆ ನನ್ನ ಗಂಡ ಬದುಕ್ತಾರೆ, ಸರಿ ಆಚೆ!" ಎಂದು ಅವನ ತೋಳು ತಳ್ಳಿ ಒಳಗೆ ನುಗ್ಗಿದಳು.

ಸ್ವಿಚ್ಚಿನ ಕೋಣೆ ತಣ್ಣಗಿತ್ತು. ಆಪರೇಟರ್ ಕುರ್ಚಿಯಲ್ಲಿ ಕೂತು ಮೀಟರಿನ ಮುಳ್ಳುಗಳು ಆಡುವುದನ್ನು ನೋಡುತ್ತಿದ್ದ. ಗೋಡೆಯ ಸ್ಪೀಕರಿನಲ್ಲಿ ಸಾಹೇಬನ ದನಿ ಜೇನು ಸುರಿಸುತ್ತಿತ್ತು.

"ಏನಕ್ಕಾ, ಇಲ್ಲೀವರೆಗೆ?"

"ಇವರು ಎಲ್ಲಿ ತಮ್ಮಾ?"

"ಭಾವ ಆಗಲೇ ಇಳಿದ್ರಲ್ಲ. ಕೀ ಬಂತು. ಸಾಹೇಬ್ರೇ ಕಳಿಸಿದ್ರು."

ಅವನನ್ನು ಬೈಯುವುದು ಹೇಗೆ ಹೇಳಿ. ಅಲ್ಲಿ ಕೆಲಸಕ್ಕೆ ಸೇರಿದಾಗಿನಿಂದ ಅವನು ಕಲಿತದ್ದು ಅದೊಂದೇ: ಕೀ ಕಂಡಿತೆಂದರೆ ಮನುಷ್ಯ ಇಳಿದ. ಹೊರಗೆ ಹೋಗಿ ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲ, ಅದರ ಅಗತ್ಯವೂ ಬಿದ್ದಿರಲಿಲ್ಲ. ಟೈಲರಮ್ಮ ಯಂತ್ರದ ಕಡೆ ನೋಡಿದಳು. ಅದರಲ್ಲಿದ್ದ ಕೀ ಫಳಫಳ ಹೊಳೆಯುತ್ತಿತ್ತು. ನೀಲಿ ದಾರ ಇರಲಿಲ್ಲ.

ತಿರುಗಿಸಿ ಕಿತ್ತಳು.

"ನಮ್ಮ ಸಿಬ್ಬಂದಿ ಅಂದರೆ ನನಗೆ ಸ್ವಂತ ಕುಟುಂಬ ಇದ್ದ..." ಎನ್ನುತ್ತಿದ್ದ ದನಿ ಅಲ್ಲಿಗೇ ಕಡಿಯಿತು.

ಆಪರೇಟರ್ ಹೊರಗೆ ಓಡಿಹೋಗಿ ಕಂಬ ನೋಡಿದ, ಹಾಗೇ ಮೆಟ್ಟಿಲ ಮೇಲೆ ಕುಸಿದ.

ಮೇಲಣ್ಣ ಇಳಿದು ಬಂದ. ತಂತಿ ಕಟ್ಟಿದಲ್ಲಿ ಕಿಡಿ ಸಿಡಿದದ್ದು ಕಂಡು, ಕರೆಂಟು ಬಂತೆಂದು ತಿಳಿದು ಅವನು ಬೀಸುತ್ತಿದ್ದ ಅಂಗಿ ಈ ಕೋಣೆಯ ಕಿಟಕಿಗಾಗಿ. ಅಲ್ಲೀಗ ಎಸಿ ಇದೆಯೆಂಬುದು ಗಾಬರಿಯಲ್ಲಿ ಮರೆತೇ ಹೋಗಿತ್ತಂತೆ. ಒಳಜೇಬಿನ ಗುಂಡಿ ಬಿಚ್ಚಿ, ನೀಲಿ ದಾರದ ಕೀ ತೆಗೆದು, ಎಂದಿನಂತೆ ಆಪರೇಟರನ ಅಂಗೈಯಲ್ಲಿಟ್ಟ. "ತಗೊಳ್ಳಪ್ಪ. ಈಗ ಇಳಿದೆ."

ಸಾಹೇಬ ಕೋಟು ಸರಿಮಾಡಿಕೊಳ್ಳುತ್ತ ಬಂದ. "ಯಾರು ನಿಲ್ಲಿಸಿದ್ದು? ನೇರ ಪ್ರಸಾರ ನಡೀತಿತ್ತು, ಗೊತ್ತಾ?"

"ನಾನೇ. ಎರಡನೇ ಕೀ ಯಾರು ಮಾಡಿಸಿದ್ದು?"

"ತುರ್ತಿಗೆ ಇರಲಿ ಅಂತ ಮಾಡಿಸಿದ್ದು. ಇವನು ಬಣ್ಣ ಬಳೀತಾ ಕೂತ್ರೆ ಕಾರ್ಯಕ್ರಮ ಕಾಯುತ್ತಾ? ಅಷ್ಟೊತ್ತಿಗೆ ಇಳಿದಿರ್ತಾನೆ ಅಂದುಕೊಂಡೆ."

"ಅಂದುಕೊಂಡ್ರಾ?" ಅವಳಿಗೆ ಮೈಯೆಲ್ಲ ಉರಿದು ಹೋಯಿತು. "ನಮ್ಮಪ್ಪನ ಬೆರಳು ಹೋದಾಗಲೂ ಒಬ್ಬರು ಹೀಗೇ ಅಂದುಕೊಂಡಿದ್ರು. ಹೆದ್ದಾರೀಲಿ ಹೋಗೋ ಲಾರಿಯವನಿಗೆ ಇವರು ಕಂಡ್ರು ಸಾರ್. ನಿಮಗೆ ಕತ್ತೆತ್ತಿ ನೋಡೋಕೆ ಏನಾಗಿತ್ತು? ನಾಚಿಕೆ ಆಗಲ್ವಾ, ಕುಟುಂಬ ಗಿಟುಂಬ ಅಂತ ಊರಿಗೆಲ್ಲ ಸಾರೋಕೆ?"

ಸಾಹೇಬ ಆಚೀಚೆ ನೋಡಿದ. ಕಾವಲಿನವನು, ಆಪರೇಟರ್, ಬೇಲಿಯಾಚೆಯ ಜನ, ಎಲ್ಲರೂ ಅವನನ್ನೇ ನೋಡುತ್ತಿದ್ದರು. "ಆಯ್ತು, ಆಮೇಲೆ ಮಾತಾಡೋಣ. ಆ ಕೀ ಕೊಡಮ್ಮ, ಅದು ಆಫೀಸಿನ ಸ್ವತ್ತು."

"ಕೊಡಲ್ಲ. ಪೊಲೀಸ್ನೋರು ಬರ್ತಿದಾರಂತಲ್ಲ, ಅವರ ಮುಂದೆ ಕೇಳಿ."

ಪೊಲೀಸರು ಬಂದರು, ಜನರನ್ನು ಚದುರಿಸಿದರು, ಹೋದರು. ಅವರ ಮುಂದೆ ಸಾಹೇಬ ಕೀ ಮಾತೇ ಎತ್ತಲಿಲ್ಲ.

ಮನೆಗೆ ಬಂದಾಗ ಇಟ್ಟ ನೀರೆಲ್ಲ ಆರಿ ಪಾತ್ರೆ ಸೀದಿತ್ತು. ಅವಳು ಹೊಸ ಕೀಯನ್ನು ಅಪ್ಪನ ಅಂಗೈಗೆ ಹಾಕಿ ನಡೆದದ್ದನ್ನೆಲ್ಲ ಹೇಳಿದಳು. ಹೇಳುವಾಗ ಗೆದ್ದು ಬಂದವಳ ಹುಮ್ಮಸ್ಸಿತ್ತು. ಅಪ್ಪ ಉಳಿದ ಬೆರಳುಗಳಲ್ಲಿ ಕೀಯ ಹಲ್ಲುಗಳನ್ನು ಸವರಿ ನೋಡುತ್ತ ಕೇಳಿಸಿಕೊಂಡ. ಆಮೇಲೆ ಕೇಳಿದ:

"ಇದೊಂದು ಸಿಕ್ತು. ಇನ್ನೂ ಎಷ್ಟು ಮಾಡಿಸಿಟ್ಟಿದಾರಂತೆ?"

ಬೆಂಚಿನ ಪಕ್ಕದ ರೇಡಿಯೋ ಮತ್ತೆ ಮಾತಾಡುತ್ತಿತ್ತು. ಗಂಡ ಕಣ್ಣ ಮುಂದೆ ಕೈ ತೊಳೆಯುತ್ತ ನಿಂತಿದ್ದರೂ ಟೈಲರಮ್ಮ ಹೋಗಿ ಅದನ್ನು ಆರಿಸಿದಳು.

ಈಗ ಮೇಲಣ್ಣ ಹತ್ತುವ ದಿನ ಹೊಲಿಗೆ ಅಂಗಡಿ ಮುಚ್ಚಿರುತ್ತದೆ. ಅವಳು ಸ್ವಿಚ್ಚಿನ ಕೋಣೆಯಲ್ಲಿ, ಕೀ ಹಾಕುವ ಜಾಗಕ್ಕೆ ಬೆನ್ನು ಒತ್ತಿಕೊಂಡು, ಕುರ್ಚಿ ಹಾಕಿಕೊಂಡು ಕೂತು ಗುಂಡಿ ಹೊಲಿಯುತ್ತಾಳೆ. ಏಳಮ್ಮ ಎಂದು ಹೇಳುವ ಧೈರ್ಯ ಸಾಹೇಬನಿಗೆ ಇನ್ನೂ ಬಂದಿಲ್ಲ. ಗಂಡ ಬಾಗಿಲಲ್ಲಿ ನಿಂತು "ನಡಿ" ಎಂದ ಮೇಲೆಯೇ ಅವಳು ಏಳುವುದು.