ಕ್ಲಚ್ಚಮ್ಮನ ರೂಟ್ ಕೆನಾಲ್

ಡ್ರೈವಿಂಗ್ ಸ್ಕೂಲಿನ ಬಿಳಿ ಕಾರು ಬೀದಿಗೆ ಬಂತೆಂದರೆ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತಿತ್ತು. ಇಂಜಿನ್ನಿನ ಸದ್ದಲ್ಲ, ಪಾಠ ಹೇಳುವ ಮೇಡಮ್ಮಿನ ಗಂಟಲು. "ಕ್ಲಚ್! ಕ್ಲಚ್ ಒತ್ತಿ! ಅದು ಬ್ರೇಕು ಕಣ್ರೀ, ಅದನ್ನ ಯಾಕೆ ತುಳೀತೀರಿ, ಅದೇನು ನಿಮ್ಮ ವೈರೀನಾ?" ಹೀಗೆ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಆಕೆಗೆ ಊರು ಕೊಟ್ಟ ಬಿರುದು ಕ್ಲಚ್ಚಮ್ಮ. ಅಡ್ಡಹೆಸರು ಆಕೆಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುವುದೂ ಗೊತ್ತಿತ್ತು.

ಪಾಠದ ಕಾರಿನಲ್ಲಿ ಕಲಿಸುವವರ ಕಾಲಬುಡದಲ್ಲೂ ಒಂದು ಬ್ರೇಕ್ ಇರುತ್ತದೆ. ವರ್ಷಗಟ್ಟಲೆ ಅದನ್ನು ತುಳಿದೂ ತುಳಿದೂ ಕ್ಲಚ್ಚಮ್ಮನ ಬಲಗಾಲು ಯಜಮಾನಿಯ ಮಾತು ಕೇಳುವುದನ್ನೇ ಬಿಟ್ಟಿತ್ತು. ಊಟಕ್ಕೆ ಕೂತಾಗ ಯಾರಾದರೂ ಬಟ್ಟಲನ್ನು ಮೇಜಿನ ಅಂಚಿಗೆ ತಳ್ಳಿದರೆ ಸಾಕು, ಧಡ್ ಎಂದು ನೆಲ ಒದೆಯುತ್ತಿತ್ತು. ಗಡಿಯಾರ ರಿಪೇರಿ ಮಾಡುವ ಗಂಡ ಆ ಸದ್ದಿಗೆ ಎಷ್ಟು ಒಗ್ಗಿಹೋಗಿದ್ದನೆಂದರೆ, ಕೈಯಲ್ಲಿ ಹಿಡಿದ ಚಿಟ್ಟೆರೆಕ್ಕೆಯಷ್ಟು ಹಗುರದ ಸ್ಪ್ರಿಂಗು ಕೂಡ ಅಲುಗುತ್ತಿರಲಿಲ್ಲ.

ಇಂಥ ಕ್ಲಚ್ಚಮ್ಮನಿಗೆ ಒಂದು ಗುಟ್ಟಿತ್ತು. ಆಕೆಗೆ ಸೈಕಲ್ ಬರುತ್ತಿರಲಿಲ್ಲ.

ಬಾಲ್ಯದಲ್ಲಿ ಸೈಕಲ್ ಬಂದದ್ದು ಅಣ್ಣಂದಿರಿಗೆ. ಅವಳ ಪಾಲಿಗೆ ಬಂದದ್ದು ಅದನ್ನು ಒರೆಸುವ ಬಟ್ಟೆ. ಆಮೇಲೆ ನೇರ ಕಾರಿಗೇ ಹಾರಿದಳು. ಮಧ್ಯೆ ಬಿಟ್ಟುಹೋದ ಮೆಟ್ಟಿಲನ್ನು ಯಾರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಈಜು ಕಲಿಸುವವನಿಗೆ ಕೆಸರು ದಾಟಲು ಬರುತ್ತದೋ ಇಲ್ಲವೋ ಎಂದು ಯಾರು ಕೇಳುತ್ತಾರೆ?

ಹೀಗಿರುವಾಗ ಊರಾಚೆಯ ಹಳೇ ರೈಲುದಾರಿಗೆ ಜೀವ ಬಂತು. ರೈಲು ನಿಂತು, ಹಳಿ ಕಿತ್ತು, ಪೊದೆ ಬೆಳೆದು ಹಾಳುಬಿದ್ದಿದ್ದ ದಾರಿಯದು. ಅದಕ್ಕೆ ಸಣ್ಣ ಜಲ್ಲಿ ಹಾಸಿ, ಉರುಳೆ ಹೊಡೆಸಿ, ಸೈಕಲ್ಲಿಗೆಂದೇ ಬಿಟ್ಟುಕೊಟ್ಟರು. ಊರ ಕೊನೆಯಲ್ಲಿ ಶುರುವಾಗಿ ಕಾಡು ಹೊಕ್ಕು, ಒಂದು ಸುರಂಗ ದಾಟಿ, ನದಿಯ ಕಣಿವೆಯಗುಂಟ ದೂರದ ಹಳೇ ಸ್ಟೇಷನ್ನಿನವರೆಗೆ ಹೋಗುವ ದಾರಿ. ದಾರಿಯ ಬಾಯಲ್ಲೇ ಮರದ ಗೂಟಗಳನ್ನು ನೆಟ್ಟು, ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ ಎಂದು ಹಲಗೆ ತೂಗಿಬಿಟ್ಟಿದ್ದರು.

"ವಾಹನ ಬಿಡದಿದ್ದ ಮೇಲೆ ಅದೆಂಥ ರಸ್ತೆ?" ಎಂದಳು ಕ್ಲಚ್ಚಮ್ಮ, ಮನೆಯಲ್ಲಿ. "ನೀರಿಲ್ಲದ ಬಾವಿ ಇದ್ದ ಹಾಗೆ."

ಹಾಗಂದವಳು ಮಾರನೇ ದಿನವೇ ಕಾರು ತೆಗೆದುಕೊಂಡು ಹೋಗಿ ಗೂಟದ ಮುಂದೆ ನಿಲ್ಲಿಸಿದಳು. ಇಳಿದು ನಾಲ್ಕು ಹೆಜ್ಜೆ ಒಳಗೆ ನಡೆದಳು. ಕಿವಿಗೆ ಏನೋ ಆದಂತಾಯಿತು. ಸದ್ದಿರಲಿಲ್ಲ. ಹಾರನ್ನಿಲ್ಲ, ಬೈಗುಳವಿಲ್ಲ, ಹಿಂದಿನವನ ಅವಸರವಿಲ್ಲ. ಎರಡೂ ಕಡೆಯ ಮರಗಳು ಮೇಲೆ ತಲೆ ತಲೆ ಸೇರಿಸಿ ಪಿಸುಮಾತಾಡುತ್ತಿದ್ದವು. ಅಷ್ಟರಲ್ಲಿ ಚರಚರ ಜಲ್ಲಿ ಅರೆಯುತ್ತಾ ಒಬ್ಬಳು ಹಿಂದಿನಿಂದ ಬಂದು, ಎರಡೂ ಕೈ ಬಿಟ್ಟು, ಕೂದಲು ಕಟ್ಟಿಕೊಳ್ಳುತ್ತಲೇ ಸೈಕಲ್ ತುಳಿದುಕೊಂಡು ತಿರುವಿನಲ್ಲಿ ಮಾಯವಾದಳು.

ಕೈ ಬಿಟ್ಟು! ಕ್ಲಚ್ಚಮ್ಮನ ಬಲಗಾಲು ಜಲ್ಲಿಯನ್ನು ಒದೆಯಿತು. ಹೊಟ್ಟೆಯೊಳಗೆ ಕಿಚ್ಚು ಹತ್ತಿದ್ದು ಆಗಲೇ.

ಆ ಕೈಬಿಟ್ಟವಳು ಯಾರೆಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಕ್ಲಚ್ಚಮ್ಮನ ಶಿಷ್ಯರಲ್ಲೆಲ್ಲ ಅತಿ ದಡ್ಡ ಶಿಷ್ಯೆ ಅವಳೇ. ಮಾರುಕಟ್ಟೆಯ ಮಹಡಿಯಲ್ಲಿ ಕ್ಲಿನಿಕ್ ಇಟ್ಟಿದ್ದ ಹಲ್ಲಿನ ಡಾಕ್ಟರು. ಊರವರ ಬಾಯಿಗೆಲ್ಲ ಅಂಜದೆ ಕೈ ಹಾಕುವ ಆ ಹುಡುಗಿ ಸ್ಟೇರಿಂಗ್ ಮುಟ್ಟಿದರೆ ಗಡಗಡ ನಡುಗುತ್ತಿದ್ದಳು. ಒಂದು ದಿನ ಪಾಠದ ಹೊತ್ತಿನಲ್ಲಿ ನಾಲ್ಕು ರಸ್ತೆ ಕೂಡುವಲ್ಲಿ ಕಾರು ಆಫ್ ಮಾಡಿ ಕೂತಳು. ಹಿಂದೆ ಹಾರನ್ನುಗಳ ಮೇಳ ಶುರುವಾಯಿತು.

"ಸೈಕಲ್ ಆಗಿದ್ರೆ ಎತ್ಕೊಂಡು ಹೋಗಿಬಿಡ್ತಿದ್ದೆ ಮೇಡಂ," ಎಂದಳು ಅಳುಮುಖ ಮಾಡಿ.

"ಅವತ್ತು ಕಾಡುದಾರೀಲಿ ಕೈ ಬಿಟ್ಕೊಂಡು ಹೋದವಳು ನೀನೇನಾ?"

"ನೋಡಿದ್ರಾ? ಪ್ರತಿ ಭಾನುವಾರ ಹೋಗ್ತೀನಿ. ನೀವೂ ಬನ್ನಿ ಮೇಡಂ."

"ನಂಗೆ ಬರಲ್ಲ."

"ಬಿಡುವಿಲ್ವಾ?"

"ಸೈಕಲ್ಲೇ ಬರಲ್ಲ ಅಂದೆ!" ಎಂದು ಕ್ಲಚ್ಚಮ್ಮ ಕಿರುಚಿದ್ದು ಪಕ್ಕದಲ್ಲಿ ನಿಂತಿದ್ದ ಲಾರಿಯವನಿಗೂ ಕೇಳಿಸಿತು. ಹೇಳಿಬಿಟ್ಟ ಮೇಲೆ ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು. ಡಾಕ್ಟರು ಮೆಲ್ಲಗೆ ತಿರುಗಿ ನೋಡಿದಳು. ಅವಳ ಮುಖದಲ್ಲಿ ಮೊದಲ ಬಾರಿಗೆ ನಡುಕ ಹೋಗಿ ನಗು ಬಂದಿತ್ತು. ಒಪ್ಪಂದ ಅಲ್ಲೇ ಆಯಿತು. ಇವಳು ಅವಳಿಗೆ ಕಾರಿನ ಪರೀಕ್ಷೆ ದಾಟಿಸಬೇಕು, ಅವಳು ಇವಳಿಗೆ ಸೈಕಲ್ ಹತ್ತಿಸಬೇಕು. ಮೂರನೆಯವರ ಕಿವಿಗೆ ಬೀಳಕೂಡದು.

ಮನೆಗೆ ಏನು ಹೇಳುವುದು? ಸುಳ್ಳು ಹೇಳಿದರೂ ನಿಜದ ನೆಂಟಸ್ತಿಕೆ ಇರಬೇಕು ಎನ್ನುವುದು ಕ್ಲಚ್ಚಮ್ಮನ ತತ್ವ. "ಹಲ್ಲಿನ ಡಾಕ್ಟರ ಹತ್ರ ಹೋಗ್ಬೇಕು. ರೂಟ್ ಕೆನಾಲ್ ಅಂತೆ. ಭಾನುವಾರ ಭಾನುವಾರ ಬರೋಕೆ ಹೇಳಿದಾಳೆ," ಎಂದಳು. ಡಾಕ್ಟರ ಹತ್ತಿರ ಹೋಗುವುದಂತೂ ನಿಜ ತಾನೆ?

ಗಂಡ ತಲೆಯಾಡಿಸಿದ. ನಾದಿನಿ ಮಾತ್ರ ಹುಬ್ಬೇರಿಸಿದಳು. ಗಂಡನ ತಂಗಿಯಾದ ಈಕೆ ಲೈಬ್ರರಿಯಲ್ಲಿ ಪುಸ್ತಕ ಕೊಡುವ ಕೆಲಸದವಳು, ಇವರ ಮಹಡಿಯ ಮೇಲೇ ವಾಸ. ಊರಿನ ಬಾಯಿಗಳನ್ನು ಶ್‌ ಎಂದು ಮುಚ್ಚಿಸುವುದು ಅವಳ ಕಸುಬು. ಆದರೆ ಅವಳದೇ ಬಾಯಿಗೆ ಆ ನಿಯಮವಿರಲಿಲ್ಲ. "ಒಂದು ಹಲ್ಲಿಗೆ ಎಷ್ಟು ಬೇರು ಇರುತ್ತೆ ಅತ್ತಿಗೆ? ಆಲದ ಮರಾನಾ?"

ಮೊದಲ ಪಾಠದಲ್ಲಿ ಕ್ಲಚ್ಚಮ್ಮ ಸೀಟಿನ ಮೇಲೆ ಕೂತದ್ದಕ್ಕಿಂತ ನೆಲದ ಮೇಲೆ ಕೂತದ್ದೇ ಹೆಚ್ಚು. ಸಣ್ಣ ಜಲ್ಲಿಯ ಗುಣವೇ ಹಾಗೆ. ಆತ್ಮವಿಶ್ವಾಸ ಇರುವವರಿಗೆ ದಾರಿ ಬಿಡುತ್ತದೆ, ಅನುಮಾನಿಸುವವರ ಚಕ್ರವನ್ನು ಎಳೆದು ಮಲಗಿಸುತ್ತದೆ. "ಜಲ್ಲಿ ಸರಿ ಹಾಸಿಲ್ಲ," ಎಂದಳು. "ಸೈಕಲ್ ಡೊಂಕಾಗಿದೆ," ಎಂದಳು. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುವ ಗಾದೆ ಡಾಕ್ಟರಿಗೆ ನೆನಪಾದರೂ ಅವಳು ನುಂಗಿಕೊಂಡಳು. ಬದಲಿಗೆ ಮೇಡಮ್ಮಿನ ಗಂಟಲನ್ನೇ ಎರವಲು ಪಡೆದು ಕೂಗಿದಳು.

"ಕೆಳಗೇನು ನೋಡ್ತೀರಿ? ಎಲ್ಲಿ ನೋಡ್ತೀರೋ ಅಲ್ಲಿಗೇ ಹೋಗ್ತೀರಿ! ಮುಂದೆ ನೋಡಿ! ಭುಜ ಸಡಿಲ ಬಿಡಿ! ಅದೇನು ಗೂಳಿ ಕೊಂಬಾ, ಹಾಗೆ ಹಿಡ್ಕೊಂಡಿದ್ದೀರಿ?"

ಎಲ್ಲವೂ ಕಾರಿನಲ್ಲಿ ತಾನು ಆಡಿದ ಮಾತುಗಳೇ. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. "ನಾನು ಇಷ್ಟು ಕೆಟ್ಟದಾಗಿ ಕೂಗ್ತೀನಾ?" ಎಂದು ಕೇಳಿದಳು, ಪೊದೆಯೊಳಗಿಂದ.

"ಇದು ಅರ್ಧ ಮಾತ್ರ ಮೇಡಂ."

ಬಿದ್ದು ಎದ್ದು ಹಸಿದು ಮನೆಗೆ ಬಂದರೆ ಅಲ್ಲಿ ಬೇರೆಯೇ ಶಿಕ್ಷೆ ಕಾದಿರುತ್ತಿತ್ತು. ಭಾನುವಾರದ ಅಡುಗೆ ಗಂಡನದು. "ಪಾಪ, ಹಲ್ಲು ನೋವಿರುತ್ತೆ," ಎಂದು ಅವನು ಅವಳಿಗೆಂದೇ ತೆಳ್ಳಗೆ ಗಂಜಿ ಕಾಯಿಸಿ ಇಡುತ್ತಿದ್ದ. ಎದುರಿಗೆ ಅಣ್ಣ ತಂಗಿ ಕರುಂ ಕುರುಂ ಎಂದು ಹುರಿದದ್ದು ಕರಿದದ್ದು ಅಗಿಯುತ್ತಿದ್ದರೆ, ಕಾಡೆಲ್ಲ ಸುತ್ತಿ ಬಂದ ಕ್ಲಚ್ಚಮ್ಮ ಗಂಜಿ ಸುರಿಯಬೇಕು. ಒಮ್ಮೆ ತಡೆಯಲಾರದೆ ಅಡುಗೆಮನೆಯ ಬಾಗಿಲ ಹಿಂದೆ ನಿಂತು ಒಂದು ಹಿಡಿ ಹುರಿದ ಶೇಂಗಾ ಬಾಯಿಗೆ ಹಾಕಿಕೊಂಡಳು. ಗಂಡ ಬಂದ. ಅಗಿಯುವಂತಿಲ್ಲ. ಅವನು "ನೋವು ಕಮ್ಮಿ ಆಯ್ತಾ?" ಎಂದರೆ "ಹೂಂ", "ಊತ ಇದ್ದ ಹಾಗಿದೆ ಕೆನ್ನೆ" ಎಂದರೆ "ಹೂಂ". ಅವನಿಗೋ ಅವತ್ತೇ ಸೃಷ್ಟಿಯ ಮೊದಲಿಂದ ಮಾತಾಡುವ ಉಮೇದು ಬಂದಿತ್ತು. ಲೋಲಕ, ಮುಳ್ಳು, ಗಿರಾಕಿಗಳ ಕತೆ ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಶೇಂಗಾ ತಾನಾಗಿಯೇ ಮೆತ್ತಗಾಗಿತ್ತು.

ಆದರೂ ಅವಳು ಬಿಡಲಿಲ್ಲ. ಮೊಣಕೈ ತರಚಿದರೆ ಉದ್ದ ತೋಳಿನ ರವಿಕೆ ಬಂತು. ಕುಂಟಿದರೆ "ಹಲ್ಲಿನ ನರ ಕಾಲಿನವರೆಗೂ ಇರುತ್ತಂತೆ" ಎಂಬ ವೈದ್ಯಶಾಸ್ತ್ರ ಹುಟ್ಟಿತು. ಒಂದು ಬೆಳಿಗ್ಗೆ ಡಾಕ್ಟರು ಹಿಂದಿನಿಂದ ಸೀಟು ಹಿಡಿದು ಓಡುತ್ತಿದ್ದಾಳೆಂದುಕೊಂಡು ಕ್ಲಚ್ಚಮ್ಮ ಮಾತಾಡುತ್ತಲೇ ತುಳಿದಳು. ಈ ಜಲ್ಲಿ, ಈ ಸೀಟು, ಇದನ್ನು ಮಾಡಿದವನ ವಂಶ. ಉತ್ತರ ಬರಲಿಲ್ಲ. ಡಾಕ್ಟರು ಎಲ್ಲೋ ಹಿಂದೆ, ಮೈಲಿಗಲ್ಲಿನ ಮೇಲೆ ಕೂತು ಬಾಳೆಹಣ್ಣು ಸುಲಿಯುತ್ತಿದ್ದಳು.

ಕ್ಲಚ್ಚಮ್ಮ ಕೂಗಲಿಲ್ಲ. ಬಾಯಿ ತಾನಾಗಿ ಮುಚ್ಚಿತು. ಜಲ್ಲಿ ಕೆಳಗೆ ಸುರ್ರೆನ್ನುತ್ತಿತ್ತು. ಮರದ ನೆರಳು, ಬಿಸಿಲು, ನೆರಳು, ಬಿಸಿಲು ಮೊಣಕಾಲ ಮೇಲೆ ಹರಿಯುತ್ತಿದ್ದವು. ಬಲಗಡೆ ಕೆಳಗೆ ನದಿ, ಅವಳ ಜತೆಗೇ ಹೊರಟಂತೆ, ಕಲ್ಲಿಗೆ ಕಲ್ಲಿಗೆ ತಡೆದು ಮತ್ತೆ ಓಡಿ ಬರುತ್ತಿತ್ತು. ಹಿಂದೆ ಯಾರೂ ಇಲ್ಲ, ಎದುರು ಯಾರೂ ಇಲ್ಲ. ಆದರೂ ತಿರುವು ಬಂದಾಗ ಅಭ್ಯಾಸಬಲದಿಂದ ಗಂಭೀರವಾಗಿ ಕೈ ಚಾಚಿ ಸಿಗ್ನಲ್ ಕೊಟ್ಟಳು. ಒಂದು ಅಳಿಲು ದಾರಿ ಬಿಟ್ಟಿತು.

ಎಲ್ಲ ಸುಸೂತ್ರವಾಗಿಯೇ ನಡೆಯುತ್ತಿತ್ತು, ನಾದಿನಿಗೆ ನಿಜವಾಗಿಯೂ ಹಲ್ಲುನೋವು ಬರದಿದ್ದರೆ.

ಅದು ಬಂದದ್ದು ಶನಿವಾರ. ಭಾನುವಾರ ಬೆಳಿಗ್ಗೆ ಕೆನ್ನೆ ಬೋಂಡವಾಗಿತ್ತು. ಅತ್ತಿಗೆ ಆಗಲೇ ಹೊರಟುಹೋಗಿದ್ದಳು. "ಹೇಗೂ ಅತ್ತಿಗೆ ಅಲ್ಲೇ ಇರ್ತಾರೆ," ಎಂದು ಕೆನ್ನೆಗೆ ಶಾಲು ಸುತ್ತಿಕೊಂಡು ನಾದಿನಿ ಕ್ಲಿನಿಕ್ಕಿನ ಮಹಡಿ ಹತ್ತಿದಳು. ಬಾಗಿಲಿಗೆ ಬೀಗ. ಭಾನುವಾರ ರಜೆ ಎಂಬ ಹಲಗೆ. ಕೆಳಗಿನ ಹೂವಿನಂಗಡಿಯವಳು, "ಭಾನುವಾರ ಯಾವತ್ತು ತೆಗೆದಿದ್ರು? ಡಾಕ್ಟರು ಕಾಡುದಾರೀಲಿ ಸೈಕಲ್ ಹೊಡೀತಿರ್ತಾರೆ," ಎಂದಳು.

ನಾದಿನಿ ಹಲ್ಲುನೋವು ಮರೆತು ಮನೆಗೆ ಓಡಿದಳು. "ಅಣ್ಣಾ! ಅತ್ತಿಗೆ ಸುಳ್ಳು ಹೇಳ್ತಿದ್ದಾರೆ!"

ಗಂಡ ಗಂಜಿ ಕದಡುತ್ತಿದ್ದವನು ಸೌಟು ಕೆಳಗಿಡಲಿಲ್ಲ. "ಹೌದಾ?" ಎಂದ. ಆ ಹೌದಾದಲ್ಲಿ ಒಂದಿಷ್ಟೂ ಆಶ್ಚರ್ಯವಿರಲಿಲ್ಲ. ಆಮೇಲೆ ಒಲೆ ಆರಿಸಿ, "ನಡಿ, ಡಾಕ್ಟರನ್ನ ಹುಡುಕೋಣ. ನಿನ್ನ ಮುಖ ನೋಡೋಕಾಗ್ತಿಲ್ಲ," ಎಂದು ಹೊರಟ.

ಗೂಟದ ಹತ್ತಿರ ಬಾಡಿಗೆ ಸೈಕಲ್ ಸಿಗುತ್ತಿದ್ದವು. ನಾದಿನಿಗೂ ಸೈಕಲ್ ಬರದು. ಹಿಂದೆ ಅಗಲ ಕ್ಯಾರಿಯರ್ ಇದ್ದುದನ್ನು ಆರಿಸಿ, ಅವಳನ್ನು ಕೂರಿಸಿಕೊಂಡು ಅಣ್ಣ ಏದುಸಿರು ಬಿಡುತ್ತಾ ತುಳಿದ. ಸುರಂಗ ದಾಟಿದ ಮೇಲೆ ಒಂದು ಇಳಿಜಾರಿದೆ, ಅದರ ಬುಡದಲ್ಲಿ ನದಿಯ ಮೇಲಿನ ಹಳೇ ಸೇತುವೆ. ಆಚೆ ದಡಕ್ಕೆ ಹೋಗಿ ಯಾರೂ ಕಾಣದೆ ಹಿಂದೆ ತಿರುಗಿ ಇವರು ಸೇತುವೆಯ ನಡುವಿಗೆ ಬರುವ ಹೊತ್ತಿಗೆ, ಇಳಿಜಾರಿನ ತುದಿಯಲ್ಲಿ ಕ್ಲಚ್ಚಮ್ಮ ಕಾಣಿಸಿಕೊಂಡಳು. ಅವತ್ತು ಅವಳ ಪಾಠ ಸುರಂಗದ ಪಕ್ಕದ ಕವಲುದಾರಿಯಲ್ಲಿ ಶುರುವಾಗಿತ್ತು. ಈಗ ಸೆರಗು ಸೊಂಟಕ್ಕೆ ಬಿಗಿದು, ಗಾಳಿಗೆ ಹಲ್ಲು ಕಿರಿದು, ಬಾಣದಂತೆ ಇಳಿದು ಬರುತ್ತಿದ್ದಳು.

ಎದುರಿಗೆ ನೋಡುತ್ತಾಳೆ. ಗಂಡ! ಅವನ ಹಿಂದೆ ಶಾಲು ಸುತ್ತಿದ ಬೋಂಡ!

ಬಲಗಾಲು ತನ್ನ ಕರ್ತವ್ಯ ಮಾಡಿತು. ಇಲ್ಲದ ಬ್ರೇಕನ್ನು ಇದ್ದ ಶಕ್ತಿಯೆಲ್ಲ ಹಾಕಿ ತುಳಿಯಿತು. ಪೆಡಲು ತಿರುಗಿ ಸೈಕಲ್ ಇನ್ನಷ್ಟು ವೇಗ ಪಡೆಯಿತು. ಕೈಯಲ್ಲಿ ಬ್ರೇಕ್ ಇದೆಯೆನ್ನುವುದು ತಲೆಗೆ ಗೊತ್ತಿತ್ತೇ ಹೊರತು ಆ ಗಳಿಗೆಯಲ್ಲಿ ಕೈಗೆ ಗೊತ್ತಿರಲಿಲ್ಲ. "ಬ್ರೇಕ್! ಬ್ರೇಕ್ ಹಾಕೀ!" ಎಂದು ಊರಿಗೆಲ್ಲ ಗೊತ್ತಿದ್ದ ಗಂಟಲಲ್ಲಿ ಕೂಗಿದಳು. ಆಜ್ಞೆ ಪಾಲಿಸಿ ಅಭ್ಯಾಸವಿದ್ದ ಗಂಡ ತಕ್ಷಣ ಬ್ರೇಕ್ ಹಾಕಿದ. ನಾದಿನಿ ಕ್ಯಾರಿಯರಿನಿಂದ ಜಾರಿ ಸೇತುವೆಯ ಹಲಗೆಗಳ ಮೇಲೆ ಪದ್ಮಾಸನದಲ್ಲಿ ಕೂತಳು. ಕ್ಲಚ್ಚಮ್ಮ ಸೇತುವೆಗೆ ಬರುವ ಮೊದಲೇ ಎಡಕ್ಕೆ ಹೊರಳಿ, ಎದೆಮಟ್ಟದ ಜರೀಗಿಡಗಳ ಹಸಿರೊಳಗೆ ನುಗ್ಗಿ ಕಾಣೆಯಾದಳು.

ಹಿಂದಿನಿಂದ ಡಾಕ್ಟರು ಬಂದು ನಿಂತಾಗ ಗಿಡಗಳ ನಡುವಿಂದ ಒಂದು ತಲೆ ಎದ್ದಿತು. ಜಟ್ಟಿ ಜಾರಿಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ. "ತಪ್ಪು ಬದಿಯಲ್ಲಿ ಬರ್ತಿದ್ರಿ ನೀವು," ಎಂದಳು ಕ್ಲಚ್ಚಮ್ಮ ಗಂಡನಿಗೆ.

"ಇದೇನಾ ಅತ್ತಿಗೆ ರೂಟ್ ಕೆನಾಲು?" ಎಂದಳು ನಾದಿನಿ, ಕೂತಲ್ಲಿಂದಲೇ.

ಗಂಡ ನಗುತ್ತಾ ಹೋಗಿ ಹೆಂಡತಿಯ ಕೂದಲಿನಿಂದ ಎಲೆ ಬಿಡಿಸಿದ. "ನಿನ್ನ ಚಪ್ಪಲಿ ಸಂದೀಲಿ ಮೊದಲ ವಾರವೇ ಜಲ್ಲಿ ಸಿಕ್ಕಿತ್ತು. ಹಲ್ಲಿನ ಡಾಕ್ಟರು ಹಲ್ಲಿಗೆ ತುಂಬೋದು ಬಿಟ್ಟು ಚಪ್ಪಲೀಲಿ ಕಲ್ಲು ತುಂಬ್ತಾರಾ?"

"ಅಂದ್ರೆ ಗೊತ್ತಿತ್ತಾ? ಹಾಗಾದ್ರೆ ಆ ಗಂಜಿ?"

"ಸುಳ್ಳು ಹೇಳಿದವರಿಗೆ ಒಂದಿಷ್ಟು ಪಥ್ಯ ಇರಲಿ ಅಂತ."

ಕ್ಲಚ್ಚಮ್ಮ ಜರೀಗಿಡದ ನಡುವೆ ನಿಂತು ತಾನು ಕುಡಿದ ಗಂಜಿಯನ್ನೆಲ್ಲ ಒಮ್ಮೆ ನೆನೆದಳು. ಬಾಗಿಲ ಹಿಂದೆ ನೆನೆಸಿದ ಶೇಂಗಾ ನೆನಪಾಗಿ ಮುಷ್ಟಿ ಬಿಗಿಯಿತು. ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. ಕಣಿವೆಯ ಆಚೆ ಬದಿಯ ಹಕ್ಕಿಗಳೆಲ್ಲ ಎದ್ದು ಹಾರುವಂತೆ ನಕ್ಕಳು.

ಅಷ್ಟರಲ್ಲಿ ಡಾಕ್ಟರು ನಾದಿನಿಯನ್ನು ಸೇತುವೆಯ ಕಂಬಿಗೆ ಒರಗಿಸಿ, ಮೊಬೈಲಿನ ಬೆಳಕು ಬಿಟ್ಟು ಬಾಯಿ ನೋಡಿದಳು. "ಇದು ಕೀವಾಗಿದೆ. ರೂಟ್ ಕೆನಾಲ್ ಮಾಡ್ಬೇಕು. ನಾಳೆ ಬನ್ನಿ."

"ನಿಜವಾದದ್ದಾ, ಸೈಕಲ್ಲಿಂದಾ?" ಎಂದಳು ನಾದಿನಿ, ಬಾಯಿ ಮುಚ್ಚದೆಯೇ.

ನಿಜವಾದದ್ದೇ ಆಯಿತು. ಗಂಜಿಯ ಸರದಿ ಅವಳಿಗೆ ಬಂತು. ಕ್ಲಚ್ಚಮ್ಮ ಎದುರು ಕೂತು ತೀರ ಅಗತ್ಯಕ್ಕಿಂತ ಜೋರಾಗಿ ಅಗಿದಳು. ಡಾಕ್ಟರು ಡ್ರೈವಿಂಗ್ ಪರೀಕ್ಷೆ ಪಾಸಾದಳು. ಕಾರು ಕಲಿ ಎಂದು ಹಟ ಹಿಡಿದಿದ್ದ ತಾಯಿಯ ಕೈಗೆ ಲೈಸೆನ್ಸ್ ಇಟ್ಟು, ಮರುದಿನವೇ ಕ್ಲಿನಿಕ್ಕಿಗೆ ಸೈಕಲ್ಲಿನಲ್ಲಿ ಹೋದಳು.

ಗುಟ್ಟು ಒಡೆದ ಮೇಲೆ ಕ್ಲಚ್ಚಮ್ಮನಿಗೆ ಹೊಸ ಹುರುಪು ಬಂತು. ಗಂಡನನ್ನೂ ಹೊರಡಿಸಿ ಒಂದು ಭಾನುವಾರ ದಾರಿಯ ಕೊನೆಯ ಸ್ಟೇಷನ್ನಿನವರೆಗೂ ತುಳಿದಳು. ಹೋಗುವಾಗ ನದಿಯ ಜತೆಗೆ ಇಳಿಯುತ್ತಾ ಹೋದದ್ದು, ಸ್ವರ್ಗವೇ. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತು ಗಂಡ ಬಂದ ದಾರಿಯನ್ನು ತಿರುಗಿ ನೋಡಿದ. "ಇಳಿದದ್ದನ್ನೆಲ್ಲ ಹತ್ತಬೇಕಲ್ಲೇ."

ಸ್ಟೇಷನ್ನಿನ ಹಿಂದಿನ ಡಾಂಬರು ರಸ್ತೆಯಲ್ಲಿ ಒಂದು ಬಸ್ಸು ಊರಿನ ಕಡೆ ಮುಖ ಮಾಡಿ ನಿಂತಿತ್ತು.

"ಸೈಕಲ್ಲನ್ನ ಬಸ್ಸಿನ ಮೇಲೆ ಹಾಕ್ಕೊಳ್ತಾರಾ?" ಎಂದಳು ಕ್ಲಚ್ಚಮ್ಮ, ಯಾರಿಗೂ ಅಲ್ಲದಂತೆ.

ಹಾಕಿಕೊಂಡರು. ಬಸ್ಸಿನ ಡ್ರೈವರು ಹಿಂದೊಮ್ಮೆ ಇವಳ ಹತ್ತಿರವೇ ಕಲಿತವನು. ಕನ್ನಡಿಯಲ್ಲಿ ಮೇಡಮ್ಮಿನ ಮುಖ ಕಂಡದ್ದೇ ಬೆನ್ನು ನೆಟ್ಟಗಾಯಿತು, ಎರಡೂ ಕೈ ಸ್ಟೇರಿಂಗ್ ಮೇಲೆ ಬಂದವು. ಆಮೇಲೆ ಬಸ್ಸು ಎಷ್ಟು ನಿಯಮಬದ್ಧವಾಗಿ ಚಲಿಸಿತೆಂದರೆ, ಎತ್ತಿನಗಾಡಿಯೊಂದು ಹಾರನ್ ಇಲ್ಲದೆಯೂ ಅದನ್ನು ದಾಟಿಕೊಂಡು ಹೋಯಿತು. ಪ್ರಯಾಣಿಕರು ಗೊಣಗಿದರು. ಕ್ಲಚ್ಚಮ್ಮ ಕಿಟಕಿಗೆ ತಲೆಯೊರಗಿಸಿ ನಿದ್ದೆಹೋಗಿದ್ದಳು. ಅದನ್ನು ಡ್ರೈವರಿಗೆ ಹೇಳುವ ಮನಸ್ಸು ಗಂಡನಿಗೆ ಬರಲಿಲ್ಲ.