ವಿಮಲತ್ತೆ ಇಳಿಸಿದ ಸಾಲು

ಆ ಸಂಜೆ ಮೊದಲ ಸಾಲಿನ ಎರಡು ಕುರ್ಚಿಗಳು ಖಾಲಿಯಾಗಿದ್ದವು ಎಂದು ಇಷ್ಟು ವರ್ಷ ಯಾರ ಮುಂದೆ ಬೇಕಾದರೂ ಹೇಳುತ್ತಿದ್ದೆ. ಈಗ ಅದನ್ನು ಬರೆಯಲು ಕೂತರೆ ಕೈ ಹಿಂಜರಿಯುತ್ತದೆ. ಅತ್ತೆ ಉಟ್ಟಿದ್ದು ಗಿಣಿಹಸಿರು ಸೀರೆ ಎಂದೂ ಹೇಳುತ್ತಿದ್ದೆ. ಆದರೆ ಆ ದಿನದ ಫೋಟೋ ಅಂತ ಮನೆಯಲ್ಲಿ ಉಳಿದಿರುವುದು ಒಂದೇ, ಅದೂ ಕಪ್ಪು-ಬಿಳುಪು. ಹಾಗಾದರೆ ಆ ಹಸಿರು ನನ್ನ ತಲೆಗೆ ಎಲ್ಲಿಂದ ಬಂತು? ಇತಿಹಾಸ ಓದಿದವನು ನಾನು, ಇನ್ನೊಬ್ಬರ ನೆನಪನ್ನು ಅನುಮಾನಿಸುವುದನ್ನು ದುಡ್ಡು ಕೊಟ್ಟು ಕಲಿತವನು. ನನ್ನದನ್ನು ಅನುಮಾನಿಸುವುದನ್ನು ಕಲಿಸಿದ್ದು ಮಾತ್ರ ಒಂದು ವಾಸನೆ. ಕಳೆದ ವರ್ಷ ಕೆಂಗೇರಿಯಲ್ಲಿ, ಅತ್ತೆಯ ಮಗಳ ಮನೆಯ ಅಟ್ಟದಿಂದ ರಂಗಸ್ವಾಮಿ ಮಾವನ ಕಬ್ಬಿಣದ ಟೂಲ್ ಬಾಕ್ಸ್ ಇಳಿಸಿ ಮುಚ್ಚಳ ತೆಗೆದೆ. ಮೆಷಿನ್ ಆಯಿಲ್ ವಾಸನೆ ಮುಖಕ್ಕೆ ಬಡಿಯಿತು. ಮಾವ ಹೋಗಿ ಆರು ವರ್ಷವಾಗಿತ್ತು, ವಾಸನೆ ಹೋಗಿರಲಿಲ್ಲ. ಅರಗಳು, ಸ್ಪ್ಯಾನರುಗಳು, ಅವುಗಳ ಕೆಳಗೆ ಎಣ್ಣೆ ಒರೆಸುವ ಬಟ್ಟೆಯಲ್ಲಿ ಸುತ್ತಿಟ್ಟ ಚೌಕಾಕಾರದ ಒಂದು ಪೊಟ್ಟಣ. ಅದನ್ನು ಬಿಚ್ಚುವ ಮೊದಲೇ ನಾನು ರಾಜಾಜಿನಗರದ ಮನೆಯೊಳಗಿದ್ದೆ.

ಸಂಜೆ ಆರರ ಹೊತ್ತಿಗೆ ಈ ವಾಸನೆ ಗೇಟು ದಾಟಿ ಒಳಗೆ ಬರುತ್ತಿತ್ತು. ಮಾವ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ವಿಮಲತ್ತೆ ನನ್ನ ಅಪ್ಪನ ತಂಗಿ. ಅವರಿಬ್ಬರ ಸಂಸಾರ ನಮ್ಮ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ. ಮುಂದಿನ ಹಾಲಿನಲ್ಲಿ ಕೆಂಪು ನೆಲ, ಬೇಸಿಗೆಯಲ್ಲಿ ಬರಿ ಮೈಯಲ್ಲಿ ಮಲಗಿದರೆ ಬೆನ್ನಿಗೆ ತಣ್ಣಗೆ ಅಂಟುತ್ತಿತ್ತು. ಎಂಬತ್ತರ ದಶಕದ ಶುರುವಿನ ಆ ಎರಡು ವರ್ಷ ಶನಿವಾರ ಸಂಜೆಗಳಲ್ಲಿ ಆ ಹಾಲು ನಮ್ಮದಾಗಿರುತ್ತಿರಲಿಲ್ಲ. ಕಾರ್ಖಾನೆಯ ಕನ್ನಡ ಸಂಘದವರು ನಾಟಕದ ತಾಲೀಮಿಗೆ ಬರುತ್ತಿದ್ದರು. ಬಾಗಿಲಲ್ಲಿ ಚಪ್ಪಲಿಗಳ ರಾಶಿ, ಒಲೆಯ ಮೇಲೆ ಉಪ್ಪಿಟ್ಟು, ಮಧ್ಯದಲ್ಲಿ ಶಾಮಣ್ಣ ಮೇಷ್ಟ್ರ ಹಾರ್ಮೋನಿಯಂ. ಮೇಷ್ಟ್ರು ಪಕ್ಕದ ಶಾಲೆಯಲ್ಲಿ ಸಂಗೀತ ಹೇಳಿಕೊಡುತ್ತಿದ್ದರು. 'ನೀರಗಂಟಿಯ ಮಗಳು' ಎಂಬ ಆ ನಾಟಕದ ಅಷ್ಟೂ ಹಾಡುಗಳಿಗೆ ರಾಗ ಹಾಕಿದ್ದು ಅವರೇ, ಅದನ್ನು ಪ್ರತಿ ತಾಲೀಮಿನಲ್ಲೂ ಒಮ್ಮೆಯಾದರೂ ಎಲ್ಲರಿಗೂ ನೆನಪಿಸುತ್ತಿದ್ದರು.

ಅತ್ತೆ ನಾಟಕಕ್ಕೆ ಸೇರಿದ್ದು ಅಡುಗೆಮನೆಯಿಂದ. ಮಗಳ ಪಾತ್ರಕ್ಕೆ ಹೊರಗಿನಿಂದ ಕರೆಸಿದ್ದ ನಟಿಗೆ ಮೇಷ್ಟ್ರು ಒಂದು ಸಾಲು ಹೇಳಿಕೊಡುತ್ತಿದ್ದರು. ಒಳಗಿನಿಂದ ಅತ್ತೆಯ ದನಿ ಬಂತು: "ಮೇಷ್ಟ್ರೇ, ಹೋದ ವಾರ ಹೀಗಿರ್ಲಿಲ್ಲ."

ಮೇಷ್ಟ್ರು ಕೈ ನಿಲ್ಲಿಸಿದರು. "ಹೌದಾ? ಹಾಗಾದ್ರೆ ಹೆಂಗಿತ್ತು ಅಂತ ನೀವೇ ಬಂದು ತೋರಿಸಿ ತಾಯಿ."

ಅತ್ತೆ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತು ತೋರಿಸಿದಳು. ತಿಂಗಳು ಕಳೆಯುವುದರೊಳಗೆ ಆ ನಟಿ ಬೇರೆ ತಂಡಕ್ಕೆ ಹೋದರು, ಪಾತ್ರ ಅತ್ತೆಗೆ ಬಂತು. ಅಜ್ಜಿ ಎರಡು ದಿನ ಮಾತು ಬಿಟ್ಟಳು. "ಸಂಸಾರಸ್ಥೆ ಬಣ್ಣ ಹಚ್ಕೊಂಡ್ರೆ ನಾಕು ಜನ ಏನಂತಾರೆ?" ಎಂದದ್ದಕ್ಕೆ ಮಾವ, "ಆ ನಾಕು ಜನಕ್ಕೂ ಮುಂದಿನ ಸಾಲಲ್ಲೇ ಜಾಗ ಹಿಡಿಸ್ತೀನಿ ಬಿಡೀಮ್ಮ" ಎಂದರು. ಅಜ್ಜಿಗೆ ನಗು ತಡೆಯಲಾಗಲಿಲ್ಲ.

ಕೆರೆಯ ತೂಬಿನ ಕೀಲಿ ನೀರಗಂಟಿಯ ಕೈಯಲ್ಲಿದೆ, ಊರಿನ ಯಜಮಾನ ನೀರು ಬಿಡಕೂಡದೆಂದು ಹೇಳಿದ್ದಾನೆ, ಮಗಳು ಏರಿಯ ಮೇಲೆ ನಿಂತು ಅಪ್ಪನನ್ನು ಕೇಳಿಕೊಳ್ಳುತ್ತಾಳೆ. 'ತೂಬು ತೆಗೆಯೋ ಅಪ್ಪಯ್ಯ, ಪೈರು ಬಾಯಾರಿದೆ' ಎಂಬ ಪಲ್ಲವಿ ಪ್ರತಿ ಚರಣದ ಕೊನೆಗೂ ಬರುತ್ತದೆ, ಒಟ್ಟು ಮೂರು ಸಲ. 'ಅಪ್ಪಯ್ಯ' ಎನ್ನುವಲ್ಲಿ ಮೇಷ್ಟ್ರು ಸ್ವರವನ್ನು ಮೇಲಿನ ಷಡ್ಜಕ್ಕೆ ಏರಿಸಿದ್ದರು. ಅತ್ತೆ ಅಲ್ಲಿಗೆ ಹತ್ತಿ ನಿಂತಳೆಂದರೆ ಮೈದಾನದ ಕೊನೆಯಲ್ಲಿ ಕಡಲೆಕಾಯಿ ಮಾರುವವನೂ ತಕ್ಕಡಿ ಕೆಳಗಿಡುತ್ತಿದ್ದ. ಮಾವ ತಮ್ಮ ಟೂ-ಇನ್-ವನ್ ಅನ್ನು ವೇದಿಕೆಯ ಅಂಚಿನಲ್ಲಿಟ್ಟು ರೆಕಾರ್ಡ್ ಮಾಡುತ್ತಿದ್ದರು. ಮೊದಲ ಕ್ಯಾಸೆಟ್ ನಮ್ಮ ಬೀದಿಯ ಗಣೇಶನ ಪೆಂಡಾಲಿನದು, ಎರಡನೆಯದು ಕಾಮಾಕ್ಷಿಪಾಳ್ಯದ ಶಾಲೆಯ ಅಂಗಳದ್ದು. ಎರಡರಲ್ಲೂ ಹಾಡಿಗಿಂತ ಹೆಚ್ಚಾಗಿ ಕೆಮ್ಮು, ಜನರೇಟರ್ ಸದ್ದು, ಯಾರದೋ ಮಗುವಿನ ಅಳು. ಎರಡರಲ್ಲೂ ಆ ಸ್ವರ ಮೇಲಕ್ಕೇ ಹೋಗುತ್ತದೆ.

ಮೂರನೆಯದು ಕಾರ್ಖಾನೆಯ ರಾಜ್ಯೋತ್ಸವದ್ದು. ನಾಟಕವನ್ನು ಸಿನಿಮಾ ಮಾಡಲು ಒಬ್ಬ ನಿರ್ದೇಶಕರು ಒಪ್ಪಿದ್ದರು. ಅವರೂ ಅವರ ಸಂಗೀತ ನಿರ್ದೇಶಕರೂ ಆ ಪ್ರದರ್ಶನ ನೋಡಲು ಬರುವವರಿದ್ದರು. ಗಂಟಲು ಒಪ್ಪಿಗೆಯಾದರೆ ಆ ಹಾಡನ್ನು ಅತ್ತೆಯ ಕೈಯಲ್ಲೇ ಹಾಡಿಸುವುದೆಂದು ಮಾತಾಗಿತ್ತು. ನವೆಂಬರಿನ ಚಳಿ, ಅತ್ತೆಗೆ ಮೂರು ದಿನದಿಂದ ನೆಗಡಿ. ಬೆಳಗ್ಗೆಯಿಂದ ಮೆಣಸಿನ ಕಷಾಯ ಕುಡಿದು, ಯಾರ ಹತ್ತಿರವೂ ಮಾತಾಡದೆ, ಸನ್ನೆಯಲ್ಲೇ ಮನೆ ನಡೆಸಿದಳು. ಸಂಜೆ ಹಾಡಿದಳು. ದನಿ ಒರಟಾಗಿತ್ತು, ಆದರೆ ಮೂರು ಸಲವೂ ಮೇಲಿನ ಷಡ್ಜ ಮುಟ್ಟಿತು. ಅಲ್ಲಿಗೆ ಸಾಕಾಗಿತ್ತು. ಚಪ್ಪಾಳೆ ನಿಲ್ಲುವ ಮೊದಲೇ ಒಬ್ಬ ಹುಡುಗ ಬೆಂಚಿನ ಮೇಲೆ ಹತ್ತಿ "ಒನ್ಸ್ ಮೋರ್!" ಎಂದು ಕೂಗಿದ. ನಮ್ಮ ಕಡೆ ಹಾಗೆ ಕೂಗಿದರೆ ಹಾಡಿದವರು ಮತ್ತೊಮ್ಮೆ ಹಾಡಲೇಬೇಕು, ಇಲ್ಲದಿದ್ದರೆ ಸಭೆಗೆ ಅವಮಾನ. ಇಡೀ ಮೈದಾನ ಅವನ ಹಿಂದೆ ಕೂಗಿತು. ಆ ಹುಡುಗ ನಾನೇ, ನನಗಾಗ ಹನ್ನೆರಡು.

ಅತ್ತೆ ಮತ್ತೆ ಹಾಡಿದಳು. 'ಅಪ್ಪಯ್ಯ' ಎಂಬಲ್ಲಿ ಹಾರ್ಮೋನಿಯಂ ಮೇಲಕ್ಕೆ ಹೋಯಿತು, ಅತ್ತೆ ಹೋಗಲಿಲ್ಲ. ನನಗೆ ಅಷ್ಟು ನೆನಪಿದೆ. ಅದರ ಮುಂದಿನ ಚಿತ್ರ ಆ ಎರಡು ಖಾಲಿ ಕುರ್ಚಿಗಳದು. ನಡುವೆ ಏನಿತ್ತೋ, ಗೊತ್ತಿಲ್ಲ. ನಡುವೆ ಏನೂ ಇಲ್ಲದ್ದರಿಂದಲೇ ನಾನು ಎರಡನ್ನೂ ಸೇರಿಸಿ ಹೊಲಿದೆ: ಅತ್ತೆಯ ದನಿ ಬಿದ್ದಿತು, ಸಿನಿಮಾದವರು ಎದ್ದು ಹೋದರು, ಅದಕ್ಕೆ ಕಾರಣ ನನ್ನ ಕೂಗು.

ಸಿನಿಮಾ ಬಂತು, ಅದಕ್ಕೂ ಮೊದಲು ಅದರ ಕ್ಯಾಸೆಟ್ ಬಂತು. ಹಾಡಿದ್ದು ಬೇರೆ ಯಾರೋ. ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಕೆಂಪು ನೆಲದ ಮೇಲೆ ಟೂ-ಇನ್-ವನ್ ಸುತ್ತ ಕೂತೆವು, ಮೇಷ್ಟ್ರೂ ಬಂದಿದ್ದರು. ಮೊದಲು ನಮ್ಮ ಗಣೇಶನ ಕ್ಯಾಸೆಟ್, ಆಮೇಲೆ ಸಿನಿಮಾದ್ದು. ಹಾರ್ಮೋನಿಯಂ ಇದ್ದ ಕಡೆ ಇಪ್ಪತ್ತು ಪಿಟೀಲು, ಕೊಳಲು, ನೀರಿನ ಸದ್ದು ಬೇರೆ. ಆ ಗಾಯಕಿಯ ದನಿ ಒಗೆದು ಇಸ್ತ್ರಿ ಮಾಡಿದ ಹಾಗಿತ್ತು. "ಇದೇ ಚೆನ್ನಾಗಿದೆ ಬಿಡ್ರೇ, ಯಾವ ಮಗೂನೂ ಅಳಲ್ಲ" ಎಂದಳು ಅಜ್ಜಿ. ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. 'ಅಪ್ಪಯ್ಯ' ಬಂದಾಗ ಅವಳ ಕೈ ನಿಂತಿತು. ಸಿನಿಮಾದ ಹಾಡು ಅಲ್ಲಿ ಮೇಲಕ್ಕೆ ಹೋಗಲಿಲ್ಲ. ಮೆಲ್ಲಗೆ ಮೂರು ಮೆಟ್ಟಿಲು ಇಳಿಯಿತು. ದೂರದ ಏರಿಯಿಂದ ಕೂಗುವ ಮಗಳು ಅಪ್ಪನ ಹತ್ತಿರ ಬಂದು ಕಿವಿಯಲ್ಲಿ ಹೇಳಿದ ಹಾಗಿತ್ತು.

"ಅದು ನಂದು," ಎಂದಳು ಅತ್ತೆ. "ರಾಜ್ಯೋತ್ಸವದ ದಿನ ನಾನು ಹಾಗೇ ಇಳಿಸಿದ್ದು."

ಮೇಷ್ಟ್ರು ನಕ್ಕರು. "ಇಳಿಸಲಿಲ್ಲ ತಾಯಿ, ಅವತ್ತು ನೀವು ಬಿದ್ರಿ. ಇದು ಸಿನಿಮಾದವ್ರ ಕೈಚಳಕ. ನನ್ನ ಮಟ್ಟು ಕೆಡಿಸಿದಾರೆ, ಅಷ್ಟೇ."

"ರೀ, ಆ ಕ್ಯಾಸೆಟ್ ಹಾಕ್ರಿ. ಕೇಳೇ ಬಿಡೋಣ."

ಮಾವ ತಲೆ ಎತ್ತಲಿಲ್ಲ. "ಅದ್ರ ಮೇಲೆ ಕ್ರಿಕೆಟ್ ಕಾಮೆಂಟರಿ ರೆಕಾರ್ಡ್ ಆಗೋಯ್ತು ಕಣೇ. ಸಾರಿ."

ಅತ್ತೆ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಮತ್ತೆ ಅಕ್ಕಿಗೆ ಬಗ್ಗಿದಳು. ಆದರೆ ಮಾತು ಬಿಡಲಿಲ್ಲ. ಮುಂದಿನ ವರ್ಷಗಳಲ್ಲಿ ರೇಡಿಯೋದಲ್ಲಿ ಆ ಹಾಡು ಬಂದಾಗಲೆಲ್ಲ, ಕಾಯಿ ತುರಿಯುತ್ತಲೋ ಬಟ್ಟೆ ಮಡಿಸುತ್ತಲೋ "ಇದು ನಂದು" ಎನ್ನುತ್ತಿದ್ದಳು. ಮನೆಯವರು ಹೂಂ ಎನ್ನುತ್ತಿದ್ದರು, ಸೋತವರ ಸಮಾಧಾನಕ್ಕೆ ಎನ್ನುವ ಹೂಂ. ಅವಳಿಗೆ ಬೇಕಾಗಿದ್ದದ್ದು ಸಿನಿಮಾದಲ್ಲಿ ಹೆಸರಲ್ಲ. ಒಬ್ಬರಾದರೂ ನಿಜವಾಗಿ ಹೌದು ಎನ್ನಬೇಕಿತ್ತು, ಅಷ್ಟೇ. ಆ ಒಬ್ಬ ನಾನಾಗಬಹುದಿತ್ತು.

ಆ ದಶಕದ ಕೊನೆಗೆ ನಾನು ಎಂ.ಎ. ಓದುತ್ತಿದ್ದೆ. ಅವರೆಕಾಯಿ ಕಾಲ, ಅತ್ತೆ ನೆನೆಸಿದ ಕಾಳು ಹಿತುಕುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಸಿಪ್ಪೆಗಳನ್ನು ಗುಡ್ಡೆ ಮಾಡುತ್ತಿದ್ದೆ. ರೇಡಿಯೋ ಹಾಡಿತು. ಅತ್ತೆ ತನ್ನ ಮಾತು ಆಡಿದಳು.

"ಆಧಾರ ಏನತ್ತೆ?" ಎಂದೆ. "ಸಿನಿಮಾ ಹಾಡು ಸಾವಿರ ಸಲ ಕೇಳಿದೀಯ. ಮನಸ್ಸು ಹಳೇದನ್ನ ತಿದ್ದಿ ಬರ್ಕೊಳತ್ತೆ. ಅಲ್ಲದೆ ನೀನು ಎರಡನೇ ಸಲ ಹಾಡೋವಾಗ ಸಿನಿಮಾದವ್ರು ಅಲ್ಲಿರಲೇ ಇಲ್ಲ. ಖಾಲಿ ಕುರ್ಚಿ ನಾನೇ ನೋಡಿದೀನಿ. ಕೇಳದೇ ಇರೋದನ್ನ ಹೆಂಗೆ ತಗೊಳ್ತಾರೆ?"

ಅತ್ತೆಯ ಬೆರಳ ತುದಿಯಿಂದ ಒಂದು ಕಾಳು ಹಾರಿ ನೆಲಕ್ಕೆ ಬಿತ್ತು. "ಓದಿದೋನು ನೀನು, ಸರಿಯಾಗೇ ಹೇಳ್ತಿರಬೇಕು ಬಿಡಪ್ಪ," ಎಂದಳು. ಎದ್ದು ಹೋಗಿ ರೇಡಿಯೋ ಆರಿಸಿದಳು. ಆಮೇಲೆ ಆ ಮಾತನ್ನು ನನ್ನ ಮುಂದೆ ಎಂದೂ ಆಡಲಿಲ್ಲ.

ಒಂದು ಮಾತು ಇಲ್ಲಿ ಒಪ್ಪಿಕೊಳ್ಳಬೇಕು. ಅವಳು ಹೇಳಿದ್ದು ನಿಜವಾದರೆ ನನ್ನ ಒನ್ಸ್ ಮೋರ್ ತಪ್ಪೂ ಕರಗಿಹೋಗುತ್ತಿತ್ತು. ನನಗೆ ಅಷ್ಟು ಅನುಕೂಲವಾದ ಮಾತು ನಿಜವಿರಲಾರದು ಎಂದುಕೊಂಡೆ, ಅದನ್ನೇ ಪ್ರಾಮಾಣಿಕತೆ ಎಂದು ತಿಳಿದಿದ್ದೆ. ಆ ಪ್ರಾಮಾಣಿಕತೆಗೆ ಬೆಲೆ ತೆತ್ತವಳು ಮಾತ್ರ ಅವಳು.

ಆ ಮನೆ ಈಗಿಲ್ಲ. ಕೆಂಪು ನೆಲವಿದ್ದ ಕಡೆ ಕಾರುಗಳು ನಿಲ್ಲುತ್ತವೆ, ಮೇಲೆ ನಾಲ್ಕು ಅಂತಸ್ತು. ಅಜ್ಜಿಯೂ ಇಲ್ಲ, ಮೇಷ್ಟ್ರೂ ಇಲ್ಲ. ಆದರೆ ಟೂಲ್ ಬಾಕ್ಸಿನ ಎಣ್ಣೆಬಟ್ಟೆಯೊಳಗೆ ಒಂದು ಕ್ಯಾಸೆಟ್ ಇತ್ತು, ಮೇಲೆ ಮಾವನ ದುಂಡು ಅಕ್ಷರ: 'ರಾಜ್ಯೋತ್ಸವ. ಅಳಿಸಬಾರದು.' ಕ್ಯಾಸೆಟ್ಟಿನ ಬೆನ್ನಿನ ಮೇಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದು ತೆಗೆದಿದ್ದರು. ಹಾಗೆ ಮುರಿದರೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ. ಕ್ರಿಕೆಟ್ ಕಾಮೆಂಟರಿ ಇರಲೇ ಇಲ್ಲ. ಹೆಂಡತಿಯ ದನಿ ಬಿದ್ದದ್ದನ್ನು ಹಾಲಿನಲ್ಲಿ ಕೂತವರು ಕೇಳಿ ನಗಬಾರದೆಂದು ಮಾವ ಅದನ್ನು ಬಚ್ಚಿಟ್ಟಿದ್ದರು. ಅವಳದೇ ದನಿಯಾದ್ದರಿಂದ ಎಸೆಯಲಾರದೆ ಕಾಪಾಡಿದ್ದರು.

ಹಳೆಯ ಪ್ಲೇಯರ್ ಹುಡುಕಿ ಒಬ್ಬನೇ ಕೂತು ಕೇಳಿದೆ. ಮೊದಲ ಸಲದ ಹಾಡು, ಚಪ್ಪಾಳೆ, ಕೂಗು. ನನ್ನದು ಯಾವುದೆಂದು ಗುರುತಾಗಲಿಲ್ಲ. ನಾನೇ ಮೊದಲು ಕೂಗಿದೆನೋ ಇಲ್ಲವೋ, ಇನ್ನು ಯಾರೂ ಹೇಳಲಾರರು. ಎರಡನೆಯ ಸಲದ ಹಾಡಿನಲ್ಲಿ ಮೊದಲ 'ಅಪ್ಪಯ್ಯ' ಬಂದಾಗ ಹಾರ್ಮೋನಿಯಂ ಒಂಟಿಯಾಗಿ ಮೇಲೆ ಹೋಗುತ್ತದೆ, ಅತ್ತೆ ಕೆಳಗೆ ಇಳಿಯುತ್ತಾಳೆ. ಅದೊಂದೇ ಆಗಿದ್ದರೆ ಬಿದ್ದಳು ಎನ್ನಬಹುದಿತ್ತು. ಎರಡನೆಯ ಚರಣದ ಕೊನೆಗೆ ಮತ್ತೆ ಅದೇ ಮೂರು ಮೆಟ್ಟಿಲು ಇಳಿಯುತ್ತಾಳೆ. ಹಾರ್ಮೋನಿಯಂ ತಡವರಿಸಿ ನಿಲ್ಲುತ್ತದೆ. ಮೂರನೆಯ ಸಲ ಮೇಷ್ಟ್ರ ಬೆರಳುಗಳೂ ಅವಳ ಜೊತೆಗೇ ಇಳಿಯುತ್ತವೆ. ಮೂರು ಸಲ ಒಂದೇ ಮೆಟ್ಟಿಲ ಮೇಲೆ ಕಾಲಿಟ್ಟು ಯಾರೂ ಬೀಳುವುದಿಲ್ಲ. ಆದರೂ ನನ್ನ ಕಿವಿಯನ್ನು ನಂಬದೆ, ಚಂದ್ರಾ ಲೇಔಟಿನಲ್ಲಿ ಪಿಟೀಲು ಹೇಳಿಕೊಡುವ ಒಬ್ಬರ ಹತ್ತಿರ ಹೋಗಿ, ಯಾವುದು ಯಾರದೆಂದು ಹೇಳದೆ ಅತ್ತೆಯದು, ಸಿನಿಮಾದ್ದು ಎರಡೂ ತುಣುಕು ಕೇಳಿಸಿದೆ. "ಒಂದೇ ಜಾಡು ಸಾರ್. ಒಬ್ರನ್ನ ನೋಡಿ ಇನ್ನೊಬ್ರು ಹಾಡಿದಾರೆ" ಎಂದರು.

ಮುಂದಿನ ಭಾನುವಾರ ಕೆಂಗೇರಿಗೆ ಹೋದೆ. ಅತ್ತೆಗೆ ಈಗ ಒಂದು ಕಿವಿ ಪೂರ್ತಿ ಹೋಗಿದೆ, ಇನ್ನೊಂದು ಅರ್ಧ. ಕ್ಯಾಸೆಟ್ ಹಾಕಿದರೆ ಕೈಯಾಡಿಸಿದಳು. "ಬರೀ ಗುಂಯ್ ಅಂತದೆ ಕಣೋ. ನೀನು ಕೇಳಿದೀಯಲ್ಲ, ನೀನೇ ಹೇಳು."

ಹೇಳಿದೆ, ಆ ಒಳ್ಳೆಯ ಕಿವಿಯ ಹತ್ತಿರ ಬಾಯಿಟ್ಟು, ಜೋರಾಗಿ. ಮೂರು ಸಲ ಇಳಿದದ್ದು, ಮೇಷ್ಟ್ರು ಹಿಂದೆ ಬಂದದ್ದು. "ನೀನು ಬೀಳಲಿಲ್ಲ ಅತ್ತೆ."

"ಆಧಾರ ಸಿಕ್ತಾ?" ಎಂದು ಕೇಳಿದಳು. ಬೊಚ್ಚುಬಾಯಿ ಅಗಲವಾಗಿ ಅರಳಿತು. ಕ್ಯಾಸೆಟ್ ಸುತ್ತಿಟ್ಟಿದ್ದ ಮಾವನ ಎಣ್ಣೆಬಟ್ಟೆಯನ್ನು ತೊಡೆಯ ಮೇಲೆ ಹರಡಿ ಸುಕ್ಕು ತೀಡುತ್ತ, "ಪಾಪ, ಇವರೂ ನಾನು ಬಿದ್ದೆ ಅಂತಲೇ ಅಂದ್ಕೊಂಡಿದ್ರಾ?" ಎಂದಳು. ಆಮೇಲೆ, ಇಷ್ಟು ವರ್ಷಗಳ ನಂತರ ನನ್ನ ಮುಂದೆ ಮೊದಲ ಸಲ, ಆ ಸಾಲನ್ನು ಗುನುಗಿದಳು. ಸ್ವರ ಎಲ್ಲೋ ಇತ್ತು, ಇಳಿಯುವ ಜಾಗ ಮಾತ್ರ ಅದೇ.

ಉಳಿದದ್ದು ಕುರ್ಚಿಗಳ ಮಾತು. ಅದನ್ನೂ ಪರೀಕ್ಷಿಸಿದ್ದೇನೆ. ಕ್ಯಾಸೆಟ್ಟಿನಲ್ಲಿ ಎರಡನೆಯ ಸಲದ ಹಾಡು ಮುಗಿದು ಚಪ್ಪಾಳೆ ಇಳಿಯುವಾಗ ಸಂಘದ ಕಾರ್ಯದರ್ಶಿಯ ದನಿ ಸ್ಪಷ್ಟವಾಗಿದೆ: ಮುಂದಿನ ಸಾಲಿನಲ್ಲಿ ಕುಳಿತಿರುವ ಸಿನಿಮಾದ ಅತಿಥಿಗಳಿಬ್ಬರೂ ವೇದಿಕೆಗೆ ಬಂದು ಹಾರ ಸ್ವೀಕರಿಸಬೇಕು. ಆಮೇಲೆ ಹಲಗೆಗಳ ಮೇಲೆ ಇಬ್ಬರ ಬೂಟುಗಳ ಸದ್ದು ಹತ್ತಿರ ಬರುತ್ತದೆ. ಕುರ್ಚಿಗಳು ಖಾಲಿಯಾಗಿದ್ದವು, ನಿಜ. ಅವುಗಳಲ್ಲಿ ಕೂತಿದ್ದವರು ಪೂರ್ತಿ ಹಾಡು ಕೇಳಿ, ಎದ್ದು ಅತ್ತೆಯ ಪಕ್ಕ ಹೋಗಿ ನಿಂತಿದ್ದರು.