ಒದ್ದೆ ಗೋಣಿ

ಬೇಸಿಗೆ ರಜೆ ಬಂತೆಂದರೆ ಸಾಕು, ಗ್ರಂಥಾಲಯದ ಹಿಂದಿನ ಖಾಲಿ ಜಾಗದಲ್ಲಿ ಓಣಿಯ ಮಕ್ಕಳೆಲ್ಲ ಮೊಣಕಾಲ ತನಕ ಕೆಸರಿನಲ್ಲಿ. ತಾಯಂದಿರು, ಮಕ್ಕಳನ್ನು ಕೆಸರಿಗಿಳಿಸುವ ಮಣ್ಣತ್ತೆಗೆ ಹಿಡಿಶಾಪ ಹಾಕುತ್ತಲೇ ಬಟ್ಟೆ ಒಗೆಯುತ್ತಿದ್ದರು. ಮರುದಿನ ಮಾತ್ರ ತಪ್ಪದೆ ಕಳಿಸುತ್ತಿದ್ದರು. ಮನೆಯಲ್ಲಿಟ್ಟುಕೊಂಡು ತಲೆ ತಿನ್ನಿಸಿಕೊಳ್ಳುವವರು ಯಾರು?

ವರ್ಷವಿಡೀ ಸಿಮೆಂಟು ಹೊತ್ತು ಹೊಟ್ಟೆ ಹೊರೆಯುವ ಮಣ್ಣತ್ತೆಗೆ ಮಕ್ಕಳ ಜೊತೆ ಇಲ್ಲಿ ಮಣ್ಣಿನ ಗುಡಿಸಲು ಕಟ್ಟುವುದೇ ರಜೆ. ಮಣ್ಣಿಗೆ ಹುಲ್ಲು ಬೆರೆಸಿ, ಮಕ್ಕಳಿಂದ ತುಳಿಸಿ, ಗೋಡೆ ಎಬ್ಬಿಸುವುದು. ಕೊನೆಗೆ ಹಸಿ ಗೋಡೆಯ ಮೇಲೆ ಒಬ್ಬೊಬ್ಬರೂ ಅಂಗೈ ಒತ್ತುವುದು. ಮುಂದಿನ ಬೇಸಿಗೆಗೆ ಅದನ್ನೇ ಒಡೆದು, ನೆನೆಸಿ, ಅದೇ ಮಣ್ಣಿನಲ್ಲಿ ಹೊಸದು ಕಟ್ಟುವುದು.

ಈ ಸಲ ಒಡೆಯಲು ಅವಳಿಗೆ ಕೈಯೇ ಬರಲಿಲ್ಲ. ಕಿಟಕಿಯ ಪಕ್ಕದ ಅಂಗೈ ಅವಳ ಮಗಳದು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು, ಚಳಿಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟಿದ್ದಳು. ಕಿರುಬೆರಳು ಸ್ವಲ್ಪ ಸೊಟ್ಟ. ಗೋಡೆಯಲ್ಲೂ ಹಾಗೇ ಮೂಡಿತ್ತು. ಬಿಸಿಲು ಜಾಸ್ತಿ, ಸೊಂಟ ನೋವು ಎಂದೆಲ್ಲ ನೆಪ ಹೇಳಿ ದಿನ ತಳ್ಳಿದಳು. ಕೊನೆಗೊಂದು ಬೆಳಿಗ್ಗೆ ಅಷ್ಟು ಜಾಗವನ್ನು ಗರಗಸದಿಂದ ಕೊಯ್ದು ತೆಗೆದು, ಹಲಗೆಯ ಮೇಲೆ ಮಲಗಿಸಿದಳು.

"ಇದನ್ನ ಮನೆಗೆ ಒಯ್ತೀನಿ. ಸುತ್ತೋಕೆ ಬಟ್ಟೆ ತರ್ತೀನಿ, ನೋಡ್ಕೊಂಡಿರಿ," ಎಂದು ಮಕ್ಕಳಿಗೆ ಹೇಳಿ ಹೋದಳು.

ಮನೆಯಲ್ಲಿ ಕೈಗೆ ಸಿಕ್ಕಿದ್ದು ಮಗಳ ಲಂಗ. ಅದನ್ನು ಮಡಿಲಲ್ಲಿಟ್ಟುಕೊಂಡು ಕೂತವಳಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ವಾಪಸು ಬಂದಾಗ ಹಲಗೆಯ ಮೇಲೆ ಒದ್ದೆ ಗೋಣಿ ಹೊದಿಸಿತ್ತು. ಸುತ್ತ ಮಕ್ಕಳು ಕಾವಲು ಕೂತಿದ್ದರು.

"ಬೆರಳ ಹತ್ರ ಬಿರುಕು ಬಿಡ್ತಿತ್ತು ಅತ್ತೆ," ಎಂದಳು ಮಗಳ ಗೆಳತಿ. "ನೀವು ಹೇಳ್ಕೊಟ್ಟ ಹಾಗೇ ಮಾಡಿದ್ವಿ. ಆಗಾಗ ನೀರೂ ಹಾಕಿದ್ವಿ."

ಬಿರುಕು ಕಂಡರೆ ಒದ್ದೆ ಗೋಣಿ ಹೊದಿಸಿ ಎಂದು ಪ್ರತಿ ಬೇಸಿಗೆಯಲ್ಲೂ ಬಾಯಿಪಾಠ ಮಾಡಿಸಿದವಳು ಅವಳೇ. ಅದು ಹಸಿ ಗೋಡೆಯ ಮಾತು. ಒಣಗಿದ ಮಣ್ಣು ನೆನೆದರೆ ಏನಾಗುತ್ತದೆಂದು ಹೇಳಲು ಅವಳಿಗೆ ಹೊಳೆದೇ ಇರಲಿಲ್ಲ.

ಗೋಣಿ ಎತ್ತಿದಳು. ಬೆರಳೂ ಇಲ್ಲ, ಅಂಗೈಯೂ ಇಲ್ಲ. ಹಲಗೆಯ ತುಂಬ ಹರಡಿದ ಕೆಸರು.

ಶಹಭಾಸ್ ಅನ್ನಿಸಿಕೊಳ್ಳಲು ಕಾದಿದ್ದ ಮಕ್ಕಳ ಮುಖ ಒಂದೊಂದಾಗಿ ಸಪ್ಪಗಾಯಿತು. ಗೆಳತಿ ಬಿಕ್ಕತೊಡಗಿದಳು. ಮಣ್ಣತ್ತೆ ಹುಡುಗಿಯನ್ನು ಹತ್ತಿರ ಎಳೆದುಕೊಂಡಳು.

"ನಾನು ಹೇಳಿದ್ದನ್ನೇ ಮಾಡಿದೀರಿ. ಅಳಬೇಡ," ಎಂದವಳು ತಾನೇ ಲಂಗದಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಹೊಸ ಗುಡಿಸಲು ಎದ್ದಿತು. ಆ ಕೆಸರನ್ನು ಬೇರೆಯೇ ಇಟ್ಟಿದ್ದ ಮಣ್ಣತ್ತೆ, ಅದನ್ನು ಕಿಟಕಿಯ ಪಕ್ಕಕ್ಕೆ ಮೆತ್ತಿದಳು. ಮಕ್ಕಳು ಅಷ್ಟು ಜಾಗ ಬಿಟ್ಟು ಉಳಿದ ಕಡೆ ಅಂಗೈ ಒತ್ತಿದರು.

"ಅಲ್ಲಿ ನೀವು ಒತ್ತಿ ಅತ್ತೆ."

ಅವಳು ಕೈ ಎತ್ತಿದಳು, ಹಾಗೇ ಇಳಿಸಿದಳು. ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಏನೂ ಮೂಡದ ಆ ಜಾಗಕ್ಕೆ, ಬಿರುಕು ಬಿಡದಿರಲೆಂದು ಒದ್ದೆ ಗೋಣಿ ಹೊದಿಸಿದಳು.